ಸಹಾಯ ಬೇಕು: ಗಾಜಿನ ಬಾಟಲಿಯಿಂದ ನೀರಿಗೆ ಸೋಡಿಯಂ ಬಿಡುತ್ತಿದೆಯಾ?

ಎಲ್ಲರಿಗೂ ನಮಸ್ಕಾರ. ಗಾಜು ಏನೂ ಬಿಡುವುದಿಲ್ಲ ಅಂತಾರೆ. ಆದರೆ ಸಾಮಾನ್ಯ ಸೋಡಾ-ಲೈಮ್ ಗಾಜಿನ ಬಾಟಲಿಯಲ್ಲಿಟ್ಟ ಡಿಸ್ಟಿಲ್ಡ್ ವಾಟರ್‌ನ ಪಿಎಚ್ (ಆಮ್ಲ-ಕ್ಷಾರದ ಅಳತೆ; 7 ತಟಸ್ಥ, ಅದಕ್ಕಿಂತ ಹೆಚ್ಚಾದರೆ ಕ್ಷಾರ) ನಿಧಾನಕ್ಕೆ ಏರಿ 8 ದಾಟಿದೆ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿದರೆ 5.6ರ ಕಡೆಗೆ ಇಳಿಯಬೇಕಿತ್ತು ಅಲ್ವಾ? ಮೀಟರ್ ಸರಿ ಇದೆ, ಪಿಎಚ್ ಗೊತ್ತಿರುವ ಬಫರ್ ದ್ರಾವಣದಲ್ಲಿ ನೋಡಿದೆ. ಪ್ಲಾಸ್ಟಿಕ್ ಬಾಟಲಿಯಲ್ಲಿರುವ ಅದೇ ನೀರು ಏರಿಲ್ಲ.

ನನಗೆ ಅನಿಸುವುದು ಇಷ್ಟು: ಗಾಜಿನ ಮೇಲ್ಪದರದ ಸೋಡಿಯಂ ನೀರಿಗೆ ಬರುತ್ತಿದೆ, ಅದರ ಜಾಗಕ್ಕೆ ನೀರಿನ ಹೈಡ್ರೋಜನ್ ಅಯಾನು ಹೋಗುತ್ತಿದೆ. ಶುದ್ಧ ನೀರಿಗೆ ಪಿಎಚ್ ಬದಲಾವಣೆಯನ್ನು ತಡೆಯುವ ಶಕ್ತಿ ಇಲ್ಲ, ಹಾಗಾಗಿ ಚೂರು ಸೋಡಿಯಂ ಬಂದರೂ ಪಿಎಚ್ ಜಿಗಿಯುತ್ತದೆ.

ಹೊಸ ಬಾಟಲಿಯನ್ನು ದುರ್ಬಲ ಆಮ್ಲದಲ್ಲಿ ನೆನೆಸಿ ತೊಳೆದರೆ ಸಾಕಾ? ಅಥವಾ ಸುಮ್ನೆ ಬೋರೋಸಿಲಿಕೇಟ್ (ಲ್ಯಾಬ್‌ಗಳಲ್ಲಿ ಬಳಸುವ ಗಾಜು) ಬಾಟಲಿ ತಗೊಳ್ಳೋದೇ ವಾಸಿಯಾ? ಅದರಲ್ಲಿ ಸೋಡಿಯಂ ಬಿಡುವುದು ತುಂಬಾ ಕಡಿಮೆ ಅನ್ನೋದು ಗೊತ್ತು, ಬೆಲೆ ಮಾತ್ರ ಜಾಸ್ತಿ.

ಇನ್ನೊಂದು ಬಾಟಲಿಯಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಇದೆ. ಬೆಳಕಿಗೆ ಹಿಡಿದು ಅಲ್ಲಾಡಿಸಿದರೆ ತೆಳ್ಳನೆಯ ಚಕ್ಕೆಗಳು ಮಿನುಗುತ್ತವೆ. ಕ್ಷಾರ ಗಾಜಿನ ಸಿಲಿಕಾವನ್ನೇ ಕರಗಿಸುತ್ತದೆ. ಆ ದ್ರಾವಣವನ್ನಂತೂ ಪ್ಲಾಸ್ಟಿಕ್‌ಗೆ ಹಾಕುತ್ತೇನೆ, ಬೈಬೇಡಿ. ಆದರೆ ಆ ಚಕ್ಕೆ ಗಾಜಿನದೇನಾ, ಅಥವಾ ಕ್ಷಾರಕ್ಕೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಆದ ಕಾರ್ಬೋನೇಟಾ? ಸುಲಭವಾಗಿ ಪತ್ತೆ ಮಾಡುವ ದಾರಿ ಇದ್ದರೆ ಹೇಳಿ.

ಕ್ರಿಸ್ಟಲ್ ಗಾಜಿನ ಸೀಸದ ವಿಷಯ ಇಲ್ಲಿ ಬೇಡ, ಅದು ಬೇರೆಯೇ ಕಥೆ.