ಹೊರಗುತ್ತಿಗೆ ಡೇಟಾ ಎಂಟ್ರಿ ಕೆಲಸಕ್ಕೆ 60 ಸಾವಿರ ಡಿಪಾಸಿಟ್ ಕೇಳ್ತಿದಾರೆ, ಕೊಡಬಹುದಾ? ದಾವಣಗೆರೆ ಕಡೆಯೋರು ಹೇಳಿ

ಜಗಳೂರು ಹುಡುಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗ್ತದೆ ಬೇಜಾರ್ ಮಾಡ್ಕೋಬೇಡಿ. ನಾನು ದಾವಣಗೆರೆ ಮಂಡಿಪೇಟೆಲಿ ಒಂದು ಹೋಲ್‌ಸೇಲ್ ಅಂಗಡಿಲಿ ಲೆಕ್ಕ ಬರೀತೀನಿ, ಊರು ಜಗಳೂರು ತಾಲೂಕು. ನಮ್ ತಂಗಿ 2023ರಲ್ಲಿ ಬಿ.ಕಾಂ ಮುಗಿಸಿದ್ಲು, ಅವತ್ತಿಂದ ಕೆಲಸ ಹುಡುಕ್ತಾನೇ ಇದೀವಿ. ಹದಿನೈದು ದಿನದ ಹಿಂದೆ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ಪೋಸ್ಟರ್ ಬಂತು, ಸರ್ಕಾರಿ ಆಸ್ಪತ್ರೆಲಿ ಡೇಟಾ ಎಂಟ್ರಿ ಆಪರೇಟರ್, 24 ಹುದ್ದೆ, ಹೊರಗುತ್ತಿಗೆ, ಸಂಬಳ 18,500, ಪಿಎಫ್ ಇಎಸ್ಐ ಇದೆ, ಎರಡು ವರ್ಷ ಆದ್ಮೇಲೆ ಪರ್ಮನೆಂಟ್, ಪರೀಕ್ಷೆ ಇಲ್ಲ ಅಂತ. ಕೆಳಗೆ ಬರೀ ಮೊಬೈಲ್ ನಂಬರ್.

ಫೋನ್ ಮಾಡಿದ್ವಿ. ಪಿಬಿ ರೋಡ್ ಹತ್ರ ಒಂದು ಕಾಂಪ್ಲೆಕ್ಸ್, ಎರಡನೇ ಮಹಡಿಲಿ ಆಫೀಸು. ಆಫೀಸ್ ಅಂದ್ರೆ ಒಂದು ಟೇಬಲ್ಲು, ಒಂದು ಲ್ಯಾಪ್‌ಟಾಪು, ಗೋಡೆ ಮೇಲೆ ವಿಧಾನಸೌಧದ ಫೋಟೋ. ಆ ಮನುಷ್ಯ ಮಾತು ಮಾತ್ರ ಬೆಣ್ಣೆಲಿ ಕೂದಲು ತೆಗೆದಂಗೆ. ತಂಗಿನ ಕೂರ್ಸಿ ಐದು ನಿಮಿಷ ಟೈಪ್ ಮಾಡ್ಸಿ ಸೆಲೆಕ್ಟ್ ಆದೆ ಅಂದ. ವೆರಿಫಿಕೇಶನ್ ಚಾರ್ಜು ಅಂತ 3,500 ಫೋನ್‌ಪೇ ಮಾಡಿಸ್ಕೊಂಡ, ಹಣ ಹೋಗಿದ್ದು ಕಂಪನಿ ಹೆಸರಿಗೆ ಅಲ್ಲ, ಯಾರೋ ಹೆಂಗಸಿನ ಹೆಸರಿಗೆ. ಆಮೇಲೆ ಆಫರ್ ಲೆಟರ್ ಪಿಡಿಎಫ್ ಬಂತು, ಮೇಲೆ ಸರ್ಕಾರದ ಲಾಂಛನ ಐತೆ, ಆದ್ರೆ ಕಳಿಸಿದ್ದು ಜಿಮೇಲ್ ಐಡಿಯಿಂದ, "ಅಭ್ಯರ್ಥಿ" ಅನ್ನೋದನ್ನ "ಅಬ್ಯರ್ತಿ" ಅಂತ ಬರ್ದಿದಾರೆ.

ಈಗ 60 ಸಾವಿರ ಸೆಕ್ಯೂರಿಟಿ ಡಿಪಾಸಿಟ್ ಕೇಳ್ತಿದಾನೆ, ಸೋಮವಾರದೊಳಗೆ ಅರ್ಧ ಕಟ್ಟಿದ್ರೆ ಸೀಟು, ಇಲ್ಲಾಂದ್ರೆ ಬೇರೆಯೋರಿಗೆ ಅಂತಿದಾನೆ. ತಂಗಿ ಯುವನಿಧಿಲಿ ಬರ್ತಿದ್ದ ತಿಂಗಳ 3,000ನ ಮುಟ್ಟದೆ ಕೂಡಿಟ್ಟಿದಾಳೆ, ಅದನ್ನೇ ಕೊಡೋಣ ಅಂತಾಳೆ. ಅಪ್ಪಂಗೂ ಹೆಂಗೂ ಗೌರ್ಮೆಂಟ್ ಕೆಲಸ ಅನ್ನೋ ಆಸೆ. ನಂಗೆ ಯಾಕೋ ಸರಿ ಅನಿಸ್ತಿಲ್ಲ ಆದ್ರೆ ನಾನೇ ಅವಳ ದಾರಿಗೆ ಅಡ್ಡ ಬಂದಂಗೆ ಆದ್ರೆ ಅಂತ ಭಯ. ಇನ್ನೊಂದು ವಿಷ್ಯ, ಅವಳ ಒರಿಜಿನಲ್ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅವನ ಹತ್ರನೇ ಐತೆ. ಗೊತ್ತಿರೋರು ಹೇಳಿ ಪ್ಲೀಸ್.

ಖಾರ ಮಂಡಕ್ಕಿ:

ಆ 3,500ಕ್ಕೆ ಎಳ್ಳುನೀರು ಬಿಟ್ಟು ಮೊದ್ಲು ಮಾರ್ಕ್ಸ್ ಕಾರ್ಡ್ ಈಸ್ಕೊಂಬಾ ಗುರು. ದುಡ್ಡಿನ ಮಾತು ಆಮೇಲೆ.

ಶೇಂಗಾ ಚಳ್ಳಕೆರೆ:

ಅಣ್ಣ ನಾನು ಇದರಲ್ಲಿ ಬಿದ್ದು ಎದ್ದೋನು ಅದಕ್ಕೆ ಬರೀತಿದೀನಿ. ನಮ್ಮ ಚಳ್ಳಕೆರೆ ಕಡೆ ಕುದಾಪುರದಲ್ಲಿ ಸೈನ್ಸ್ ಸಿಟಿ ಐತಲ್ಲ, ಡಿಆರ್‌ಡಿಒ, ಐಐಎಸ್ಸಿ ಎಲ್ಲಾ ಐತೆ, ಜಮೀನು ಹೋದಾಗಿಂದ ಸುತ್ತಲ ಹಳ್ಳಿಯೋರಿಗೆ ಒಂದೇ ಆಸೆ, ನಮ್ ಹುಡುಗ್ರಿಗೆ ಒಳಗೆ ಏನಾದ್ರೂ ಸಿಗ್ಲಿ ಅಂತ. ಆ ಆಸೆನೇ ಅವನು ಹಿಡ್ಕೊಂಡಿದ್ದು. ಕಾಂಟ್ರಾಕ್ಟ್ ಮೇಲೆ ಹೆಲ್ಪರ್ ಕೆಲಸ ಅಂದ, ತಲೆಗೆ 40 ಸಾವಿರ, ನಾವು ಹನ್ನೊಂದು ಜನ ಕೊಟ್ವಿ. ನಾನು ಐಟಿಐ ಫಿಟ್ಟರ್, ಮನೇಲಿ ಎರಡು ಎಮ್ಮೆ ಇದ್ವು, ಒಂದು ಮಾರಿದ್ವಿ.

ಒಂದಿನ ಟಿಟಿ ಗಾಡಿ ಮಾಡಿ ನಮ್ಮನ್ನ ಗೇಟ್ ತನಕ ಕರ್ಕೊಂಡು ಹೋದ ಕಣಣ್ಣ. ನಾವು ದೂರದಲ್ಲಿ ನಿಂತ್ವಿ, ಅವನೊಬ್ನೇ ಹೋಗಿ ಗೇಟಲ್ಲಿ ಸೆಕ್ಯೂರಿಟಿ ಹತ್ರ ಏನೋ ಮಾತಾಡಿ ನಕ್ಕೊಂಡು ವಾಪಸ್ ಬಂದ. ಡಿಫೆನ್ಸ್ ಏರಿಯಾ, ಇವತ್ತು ಪಾಸ್ ರೆಡಿ ಇಲ್ಲ, ಪೊಲೀಸ್ ವೆರಿಫಿಕೇಶನ್ ಬರ್ಬೇಕು ಅಂದ. ನಾವು ನಂಬಿದ್ವಿ. ಯಾಕಂದ್ರೆ ಅದು ಒಳಗೆ ಹೋಗಿ ಕೇಳೋ ಜಾಗ ಅಲ್ಲ, ಯಾರನ್ನ ಕೇಳೋದು? ಈಗ ಯೋಚ್ನೆ ಮಾಡಿದ್ರೆ ಅವನು ಸೆಕ್ಯೂರಿಟಿಗೆ ಟೈಮ್ ಎಷ್ಟಾಯ್ತು ಅಂತ ಕೇಳಿರ್ಬೇಕು ಅಷ್ಟೆ. ಮೂರು ತಿಂಗಳು ಪಾಸ್ ಬರುತ್ತೆ ಬರುತ್ತೆ ಅಂತ ಓಡಾಡಿಸ್ದ, ಆಮೇಲೆ ನಂಬರ್ ಸ್ವಿಚ್ ಆಫ್. ನಮ್ಮಲ್ಲಿ ಎಂಟು ಜನ ಕಂಪ್ಲೇಂಟ್ ಕೊಡೋಕೂ ಬರ್ಲಿಲ್ಲ, ಊರಲ್ಲಿ ಮರ್ಯಾದೆ ಹೋಗ್ತದೆ ಅಂತ. ಅವರಿಗೆ ಬೇಕಾಗಿರೋದೂ ಅದೇ.

ನಿಂದು ಆಸ್ಪತ್ರೆ ಅಲ್ವಾ, ಗೇಟ್ ಇಲ್ಲ ಏನಿಲ್ಲ. ನಾಳೆ ಸೀದಾ ಒಳಗೆ ಹೋಗಿ ಕೇಳು.

ಮಾಜಿ ಸೂಪರ್‌ವೈಸರ್:

ನಾನು ಆರು ವರ್ಷ ಮ್ಯಾನ್‌ಪವರ್ ಏಜೆನ್ಸಿಲಿ ಸೂಪರ್‌ವೈಸರ್ ಆಗಿದ್ದೆ, ಯಾವುದು ಅಂತ ಹೇಳಲ್ಲ. ಒಳಗಿನ ವ್ಯವಹಾರ ಹೇಳ್ತೀನಿ ಕೇಳಿ.

ಇಲಾಖೆ ಟೆಂಡರ್ ಕರೆಯುತ್ತೆ, ಏಜೆನ್ಸಿ ಇಷ್ಟು ಪರ್ಸೆಂಟ್ ಸೇವಾ ಶುಲ್ಕ ಅಂತ ಕೋಟ್ ಮಾಡುತ್ತೆ. ಅಂದ್ರೆ ಏಜೆನ್ಸಿಗೆ ದುಡ್ಡು ಕೊಡೋದು ಇಲಾಖೆ, ಕೆಲಸಕ್ಕೆ ಸೇರೋರು ಅಲ್ಲ. ಡಿಪಾಸಿಟ್ ಅನ್ನೋದು ಇದೆ, ಆದ್ರೆ ಅದನ್ನ ಏಜೆನ್ಸಿ ಇಲಾಖೆಗೆ ಕಟ್ಟಬೇಕು. ಇವರು ಅದೇ ಪದ ತಗೊಂಡು ನಿಮ್ಮ ಕಡೆ ತಿರುಗಿಸ್ತಾರೆ. ಮತ್ತೆ ಟೆಂಡರ್ ಬದಲಾದ್ರೂ ಸಾಮಾನ್ಯವಾಗಿ ಹಳೇ ಜನಾನೇ ಮುಂದುವರೀತಾರೆ, ಬೋರ್ಡ್ ಬದಲಾಗುತ್ತೆ ಅಷ್ಟೆ. ಒಂದೇ ಆಸ್ಪತ್ರೆಲಿ ಒಂದೇ ಸಲ 24 ಡೇಟಾ ಎಂಟ್ರಿ ಖಾಲಿ ಅಂದಾಗ್ಲೇ ನಂಗೆ ನಗು ಬಂತು.

ಪೂರ್ತಿ ಕಳ್ಳ ಆದ್ರೆ ಒಂದೇ ಏಟು, ದುಡ್ಡು ಹೋಯ್ತು ಅಂತ ಬೇಗ ಗೊತ್ತಾಗುತ್ತೆ. ಅರ್ಧ ನಿಜ ಇರೋ ಏಜೆಂಟ್ ಇದಾನಲ್ಲ, ಅವನು ಕೆಲಸ ಕೊಡ್ಸೇ ಕೊಡಿಸ್ತಾನೆ, ಆಮೇಲೆ ತಿಂಗಳಾ ತಿಂಗಳಾ ಹಿಂಡ್ತಾನೆ. ಎಟಿಎಂ ಕಾರ್ಡು ಅವನ ಹತ್ರ ಇಟ್ಕೊಳ್ಳೋದು, ಬ್ಯಾಂಕಿಗೆ 18,500 ಹಾಕಿ ಐದು ಸಾವಿರ ಕ್ಯಾಶ್ ವಾಪಸ್ ಈಸ್ಕೊಳ್ಳೋದು, ಇವೆಲ್ಲ ನಾನು ಕಣ್ಣಾರೆ ನೋಡಿರೋದು. ಪಿಎಫಲ್ಲಿ ಇನ್ನೂ ದೊಡ್ಡ ಆಟ. ಕಾರ್ಮಿಕನ ಪಾಲು 12 ಪರ್ಸೆಂಟ್, 15,000ದ ಮಿತಿ ಮೇಲೆ ಲೆಕ್ಕ ಹಾಕಿದ್ರೆ 1,800 ರೂಪಾಯಿ. ಇಎಸ್ಐ 0.75 ಪರ್ಸೆಂಟ್, ಅಂದ್ರೆ 18,500ಕ್ಕೆ 139 ರೂಪಾಯಿ. ಇಷ್ಟೇ ನಿಮ್ಮ ಸಂಬಳದಿಂದ ಕಟ್ ಆಗ್ಬೇಕು. ಮಾಲೀಕನ ಪಾಲನ್ನೂ ನಿಮ್ಮದರಲ್ಲೇ ಮುರಿದು, ಎರಡನ್ನೂ ಕಟ್ಟದೆ ನುಂಗಿದೋರು ಇದಾರೆ. ಸೇರಿದ ತಿಂಗಳೇ ನಿಮ್ಮ ಪಿಎಫಿನ ಯುಎಎನ್ ನಂಬರ್ ಕೇಳಿ, ಉಮಂಗ್ ಆಪಲ್ಲಿ ಪಾಸ್‌ಬುಕ್ ನೋಡಿ, ಸ್ಲಿಪ್ಪಲ್ಲಿ ಕಟ್ ಆಗಿರೋದು ಅಲ್ಲಿ ಬಂದಿದೆಯಾ ಅಂತ.

ನೀವು ಈಗ ಮಾಡ್ಬೇಕಾದ್ದು, ಆಸ್ಪತ್ರೆ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಿಗೆ ಹೋಗಿ ಕೇಸ್ ವರ್ಕರ್‌ನ ಕೇಳಿ, ಈಗ ಹೊರಗುತ್ತಿಗೆ ಯಾರ ಹೆಸರಲ್ಲಿದೆ ಅಂತ. ಮಧ್ಯಾಹ್ನ ಊಟದ ಮುಂಚೆ ಹೋಗಿ, ಆಮೇಲೆ ಸಿಗಲ್ಲ. ಆಮೇಲೆ ಏಜೆಂಟಿಗೆ ಎರಡೇ ಮಾತು ಹೇಳಿ. ಒಂದು, ಇಲಾಖೆ ನಿಮ್ಮ ಏಜೆನ್ಸಿಗೆ ಕೊಟ್ಟಿರೋ ವರ್ಕ್ ಆರ್ಡರ್ ಕಾಪಿ ತೋರ್ಸಿ. ಎರಡು, ಡಿಪಾಸಿಟ್ ಬೇಕಿದ್ರೆ ಮೊದಲ ಮೂರ್ನಾಲ್ಕು ತಿಂಗಳ ಸಂಬಳದಲ್ಲಿ ಹಿಡ್ಕೊಳ್ಳಿ. ಹಂಗೆ ಹಿಡ್ಕೊಳ್ಳೋದೂ ತಪ್ಪೇ, ಆದ್ರೆ ಇದು ಅವನ ಮುಖ ನೋಡೋಕೆ. ಕೆಲಸ ನಿಜ ಇದ್ರೆ ಒಪ್ಕೋತಾನೆ, ಇಲ್ಲದಿದ್ರೆ ರೇಗ್ತಾನೆ.

ದುರ್ಗದ ಬಂಡೆ:

ಎಲ್ಲಾ ಸತ್ಯ ಹರಿಶ್ಚಂದ್ರರ ಥರ ಮಾತಾಡ್ತೀರಲ್ಲ, ಕೊಡದೆ ಯಾವನಿಗೆ ಸಿಕ್ಕೈತೆ ಹೇಳ್ರಿ? ನಮ್ಮ ಬಾಮೈದ 30 ಸಾವಿರ ಕೊಟ್ಟೇ ಸೇರ್ಕೊಂಡಿದ್ದು, ಚಿತ್ರದುರ್ಗದಲ್ಲೇ ಒಂದು ಆಫೀಸಲ್ಲಿ ಇವತ್ತಿಗೂ ಡ್ಯೂಟಿ ಮಾಡ್ತಾವ್ನೆ. ಇಲ್ಲಿ ಬಿಟ್ಟಿ ಬುದ್ಧಿ ಹೇಳೋರು ನಾಳೆ ಆ ಹುಡುಗಿಗೆ ಕೆಲಸ ಕೊಡಿಸ್ತೀರಾ.

ಮಾಜಿ ಸೂಪರ್‌ವೈಸರ್:

ದುರ್ಗದ ಬಂಡೆ ಸರ್, ನೀವು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅರ್ಧ ನಿಜ ಅಂದಿದ್ದು. ನಿಮ್ಮ ಬಾಮೈದನ್ನ ಒಂದು ಮಾತು ಕೇಳಿ ನೋಡಿ, ಕಂಟ್ರಾಕ್ಟರ್ ಬದಲಾದಾಗ ಹೊಸಬ ಮತ್ತೆ ಕೇಳಿದ್ನಾ ಇಲ್ವಾ ಅಂತ. ಕೇಳಿರ್ತಾನೆ.

ಮತ್ತೆ ಈ ಪರ್ಮನೆಂಟ್ ಅನ್ನೋ ಬೆಲ್ಲ. 2006ರಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್ ಪೀಠ ಉಮಾದೇವಿ ಕೇಸಲ್ಲಿ ತೀರ್ಪು ಕೊಟ್ಟಿದೆ, ಅದು ನಮ್ಮ ಕರ್ನಾಟಕ ಸರ್ಕಾರದ್ದೇ ಕೇಸು. ದಿನಗೂಲಿ, ಗುತ್ತಿಗೆ ಅಂತ ಸೇರಿದೋರು ಇಷ್ಟು ವರ್ಷ ಮಾಡಿದೀವಿ ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋಕಾಗಲ್ಲ ಅಂತ. ಅದು ಇಲಾಖೆನೇ ನೇರವಾಗಿ ತಗೊಂಡೋರ ಕಥೆ. ಹೊರಗುತ್ತಿಗೆಲಿ ನೀವು ಕಾಗದದ ಮೇಲೆ ಇಲಾಖೆಯೋರೇ ಅಲ್ಲ, ಏಜೆನ್ಸಿ ನೌಕರರು. ಇದರಲ್ಲಿ ಎರಡು ವರ್ಷಕ್ಕೆ ಪರ್ಮನೆಂಟ್ ಅಂತ ಬರ್ದಿರೋ ಪೋಸ್ಟರ್ ನೋಡಿದ್ರೆ ಬೇರೇನೂ ಚೆಕ್ ಮಾಡೋದೇ ಬೇಡ.

ಕೆಲಸ ಮಾಡಿ ಸಂಬಳ ಬರದೇ ಇರೋರು ಯಾರಾದ್ರೂ ಓದ್ತಿದ್ರೆ ಒಂದು ಮಾತು. ಕಂಟ್ರಾಕ್ಟರ್ ಕೊಡದಿದ್ರೆ ಕೆಲಸ ಮಾಡಿಸ್ಕೊಂಡ ಆಫೀಸೇ ಕೊಟ್ಟು ಆಮೇಲೆ ಅವನ ಬಿಲ್ಲಲ್ಲಿ ಮುರ್ಕೋಬೇಕು, 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದ ಬಂದಿರೋ ನಿಯಮ ಇದು. ಲೇಬರ್ ಆಫೀಸಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿ ಬರಬೇಡಿ.

ಹರಿಹರದಕ್ಕ:

ವಿಷಯ ಸ್ವಲ್ಪ ಬೇರೆ ಆದ್ರೂ ಹೇಳ್ತೀನಿ. ನಮ್ಮ ಮೈದುನಂಗೆ ದುಬೈ ಅಂತ ಒಬ್ಬ ಒಂದೂವರೆ ಲಕ್ಷ ಕೇಳಿದ್ದ, ವಿಸಿಟ್ ವೀಸಾದಲ್ಲಿ ಹೋಗು ಅಲ್ಲಿ ಚೇಂಜ್ ಮಾಡಿಸ್ತೀನಿ ಅಂತ. ನಮ್ಮ ಪಕ್ಕದ ಮನೆ ಸರ್ ಒಬ್ರು ಇ-ಮೈಗ್ರೇಟ್ ವೆಬ್‌ಸೈಟಲ್ಲಿ ನೋಡಿ ಅಂದ್ರು, ಫಾರಿನ್ನಿಗೆ ಕಳಿಸೋ ಏಜೆಂಟರು 1983ರ ಎಮಿಗ್ರೇಶನ್ ಕಾಯ್ದೆ ಕೆಳಗೆ ನೋಂದಣಿ ಮಾಡಿಸಿರ್ಬೇಕಂತೆ, ತಗೊಳ್ಳೋ ಫೀಸೂ 30,000 ಮತ್ತೆ ಜಿಎಸ್‌ಟಿ ದಾಟಂಗಿಲ್ವಂತೆ. ಆ ಲಿಸ್ಟಲ್ಲಿ ಅವನ ಹೆಸರೇ ಇಲ್ಲ. ಕೇಳಿದ್ದಕ್ಕೆ ನಾನು ಸಬ್ ಏಜೆಂಟ್ ಅಂದ. ಆ ಸಬ್ ಏಜೆಂಟ್ ಅನ್ನೋದಕ್ಕೆ ಲೈಸೆನ್ಸೇ ಇರಲ್ಲ ಅಂತ ಆಮೇಲೆ ತಿಳೀತು. ಪುಣ್ಯಕ್ಕೆ ಪಾಸ್‌ಪೋರ್ಟ್ ಕೊಟ್ಟಿರ್ಲಿಲ್ಲ.

ಕೋರ್ಟ್ ಎದುರಿನ ಟೈಪಿಸ್ಟ್:

ದೂರು ಟೈಪ್ ಮಾಡಿ ಕೊಡೋದೇ ನನ್ನ ಹೊಟ್ಟೆಪಾಡು, ಇಂಥವು ತಿಂಗಳಿಗೆ ಒಂದೆರಡು ಬಂದೇ ಬರ್ತವೆ. ತಮ್ಮಾ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಇವತ್ತೇ ಫೋನ್ ಮಾಡು. ಹಣ ಹೋಗಿ ಹದಿನೈದು ದಿನ ಆಗಿದ್ರೆ ವಾಪಸ್ ಬರೋದು ಕಷ್ಟ, ಅದೇನಿದ್ರೂ ಮೊದಲ ಒಂದೆರಡು ಗಂಟೆಲಿ ಮಾಡಿದ್ರೆ ಬ್ಯಾಂಕಲ್ಲಿ ತಡೆ ಹಿಡೀತಾರೆ. ಆದ್ರೂ ಮಾಡು, ಅದೇ ಖಾತೆ ಮೇಲೆ ಇನ್ನೂ ನಾಲ್ಕು ಜನ ದೂರು ಕೊಟ್ಟಿದ್ರೆ ಲೆಕ್ಕಕ್ಕೆ ಬರ್ತದೆ. ಆಮೇಲೆ ಸಿಇಎನ್ ಠಾಣೆಗೆ, ಅಂದ್ರೆ ಸೈಬರ್ ಕೇಸು ನೋಡೋ ಪೊಲೀಸ್ ಠಾಣೆಗೆ ಹೋಗು.

ಈಗ ಮುಖ್ಯವಾದ್ದು. ಈ ಜನ ಸಿಕ್ಕಿಬಿದ್ದಾಗ ಹೇಳೋದು ಒಂದೇ ಮಾತು, ಅದು ಕೈಗಡ ಸ್ವಾಮಿ, ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ. ಹಂಗಂದ್ರೆ ಪೊಲೀಸ್ನೋರು ಸಿವಿಲ್ ವ್ಯವಹಾರ ಕೋರ್ಟಿಗೆ ಹೋಗಿ ಅಂತ ನಿಮ್ಮನ್ನೇ ವಾಪಸ್ ಕಳಿಸ್ತಾರೆ. ಅದಕ್ಕೆ ವಾಟ್ಸಾಪಲ್ಲಿ ಮಾತಾಡಿಸು, "ಸರ್ ತಂಗಿ ಡೇಟಾ ಎಂಟ್ರಿ ಕೆಲಸಕ್ಕೆ ಕೊಟ್ಟ 3,500ಕ್ಕೆ ರಸೀದಿ ಕೊಡಿ" ಅಂತ ಹಾಕು. ಅವನು ಹೂಂ ಅಂದ್ರೂ ಸಾಕು, ನಾಳೆ ಕೊಡ್ತೀನಿ ಅಂದ್ರೂ ಸಾಕು. ಸ್ಕ್ರೀನ್‌ಶಾಟಲ್ಲಿ ನಂಬರ್, ತಾರೀಖು ಕಾಣ್ಬೇಕು. ದೂರಲ್ಲಿ "ಕೆಲಸ ಕೊಡಿಸುವುದಾಗಿ ನಂಬಿಸಿ ಹಣ ಪಡೆದು" ಅಂತಾನೇ ಬರೆಸು, "ಹಣ ವಾಪಸ್ ಕೊಡಿಸಿ" ಅಂತ ಮಾತ್ರ ಬರೆದ್ರೆ ಸಾಲ ವಸೂಲಿ ಥರ ಕಾಣ್ತದೆ. ಮೋಸಕ್ಕೆ ಹಾಕೋ ಕಲಂ ಹೊಸ ಕಾನೂನು ಬಿಎನ್ಎಸ್‌ನ 318, ಹಳೇ ಐಪಿಸಿ 420. ಏಳು ವರ್ಷದ ತನಕ ಶಿಕ್ಷೆ ಐತೆ.

ಮಾರ್ಕ್ಸ್ ಕಾರ್ಡಿಗೆ ಹೆದರಬೇಡ. ಓದಿದ ಸ್ಕೂಲಿನ ಮೂಲಕ ಬೋರ್ಡಿಗೆ ಅರ್ಜಿ ಹಾಕಿದ್ರೆ ಡುಪ್ಲಿಕೇಟ್ ಸಿಗ್ತದೆ. ಅದನ್ನ ಇಟ್ಕೊಂಡು ಅವನು ಆಟ ಆಡೋದು ನಿಂಗೆ ಇದು ಗೊತ್ತಿಲ್ಲ ಅಂತ.

ಜಗಳೂರು ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಏನಾಯ್ತು ಅಂತ ಹೇಳ್ಬೇಕಲ್ಲ ಅದಕ್ಕೆ ಬಂದೆ. ಅಂಗಡಿಲಿ ಅರ್ಧ ದಿನ ರಜ ಹಾಕಿ ತಂಗಿ ಜೊತೆ ಆಸ್ಪತ್ರೆಗೆ ಹೋದೆ. ಕೇಸ್ ವರ್ಕರ್ ಮೇಡಂ ಪಿಡಿಎಫ್ ನೋಡಿ ನಗ್ಲೂ ಇಲ್ಲ ಬೈಲೂ ಇಲ್ಲ, "ಈ ತಿಂಗಳು ನೀವು ಆರನೇಯೋರು" ಅಂದ್ರು. ತಂಗಿ ಅಲ್ಲೇ ಬೆಂಚ್ ಮೇಲೆ ಕೂತುಬಿಟ್ಲು. ನಾನು ಏನೂ ಮಾತಾಡ್ಲಿಲ್ಲ.

ಟೈಪಿಸ್ಟ್ ಅಣ್ಣ ಹೇಳ್ದಂಗೆ ರಸೀದಿ ಮೆಸೇಜ್ ಹಾಕಿದ್ದೆ, "ಜಾಯಿನ್ ಆದ್ಮೇಲೆ ಕೊಡ್ತೀವಿ" ಅಂತ ರಿಪ್ಲೈ ಬಂದಿತ್ತು, ಅದು ಸಿಕ್ತು. ಸಂಜೆ ಸೋದರಮಾವನ್ನ ಕರ್ಕೊಂಡು ಅವನ ಆಫೀಸಿಗೆ ಹೋದ್ವಿ. ಮಾವ ಹಮಾಲಿ ಕೆಲಸ, ಆಳು ಬಾಗಿಲ ಅಗಲ ಇದಾರೆ. ವರ್ಕ್ ಆರ್ಡರ್ ತೋರ್ಸಿ, ಡಿಪಾಸಿಟ್ ಸಂಬಳದಲ್ಲಿ ಹಿಡ್ಕೊಳ್ಳಿ ಅಂದೆ. ಸೂಪರ್‌ವೈಸರ್ ಸರ್ ಹೇಳಿದ್ದು ಹಂಗಂಗೇ ಆಯ್ತು, ನಿಮ್ಮಂಥ ಅನುಮಾನದ ಜನಕ್ಕೆ ಕೆಲಸ ಇಲ್ಲ ಹೋಗ್ರಿ ಅಂತ ಕೂಗಾಡ್ದ. ಮಾರ್ಕ್ಸ್ ಕಾರ್ಡ್ ಬೆಂಗಳೂರಿಗೆ ಹೋಗೈತೆ ಅಂದ. ಮಾವ ಏನೂ ಅನ್ಲಿಲ್ಲ, ಒಂದು ಕುರ್ಚಿ ಎಳ್ಕೊಂಡು ಬರೋ ತನಕ ಕೂರ್ತೀನಿ ಅಂತ ಕೂತ್ಕೊಂಡ್ರು. ಹತ್ತು ನಿಮಿಷಕ್ಕೆ ಟೇಬಲ್ ಡ್ರಾಯರ್ ಒಳಗಿಂದಾನೇ ಬೆಂಗಳೂರು ಬಂತು. ಡ್ರಾಯರಲ್ಲಿ ಇನ್ನೂ ಒಂದು ಕಟ್ಟು ಮಾರ್ಕ್ಸ್ ಕಾರ್ಡ್ ಇದ್ವು, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದ.

3,500 ಕೊಡ್ಲಿಲ್ಲ. 1930ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡಿದೀನಿ, ನಾಳೆ ಸಿಇಎನ್ ಠಾಣೆಗೆ ಹೋಗ್ತೀವಿ.

ಇಳಿದು ಬರೋವಾಗ ಮೆಟ್ಟಿಲ ಹತ್ರ ಒಬ್ಬ ಹುಡುಗಿ ಅವರ ಅಮ್ಮನ ಜೊತೆ ನಿಂತಿದ್ಲು, ಚನ್ನಗಿರಿ ಕಡೆಯೋರಂತೆ, ಕೈಯಲ್ಲಿ ಫೈಲು. ತಂಗಿ ಎಲ್ಲಾ ಹೇಳಿದ್ಲು. ಆ ಅಮ್ಮ, ನಿಮಗೆ ಸಿಗ್ಲಿಲ್ಲ ಅಂತ ಹಿಂಗಂತೀರೇನಮ್ಮ ಅಂದ್ರು. ತಂಗಿ ಹುಡುಗಿ ನಂಬರ್ ಮಾತ್ರ ಈಸ್ಕೊಂಡು ಬಂದಳೆ. ನಿನ್ನೆಯಿಂದ ಮೂರು ಸಲ ಮಾಡಿದ್ಲು, ರಿಂಗ್ ಆಗ್ತೈತೆ, ಎತ್ತಿಲ್ಲ.