ಸೊಸೆಯ ಬಾಣಂತನಕ್ಕೆ ಪೋಲೆಂಡಿಗೆ ಹೊರಟಿದ್ದೇವೆ, ಏನೇನು ಒಯ್ಯಬೇಕು?

ಸರೋಜಾ, ಹಾಸನ

ಎಲ್ಲರಿಗೂ ನಮಸ್ಕಾರ. ಮಗ ಪೋಲೆಂಡಿನ ಕ್ರಾಕೋವ್‌ನಲ್ಲಿ ಕೆಲಸದಲ್ಲಿದ್ದಾನೆ. ಸೊಸೆ ಆ ಊರಿನವಳೇ. ಸೆಪ್ಟೆಂಬರ್‌ನಲ್ಲಿ ಹೆರಿಗೆ ಅಂತ ಡಾಕ್ಟರ್ ಹೇಳಿದ್ದಾರೆ. ನಾನು, ನಮ್ಮ ಯಜಮಾನರು ಆಗಸ್ಟ್ ಕೊನೆಗೆ ಹೊರಟು ನವೆಂಬರ್‌ವರೆಗೆ ಇದ್ದು ಬರೋಣ ಅಂತಿದ್ದೇವೆ. ವೀಸಾದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವ ಹಾಗಿಲ್ಲವಂತೆ.

ಮಗನನ್ನು ಕೇಳಿದರೆ "ಏನೂ ತರಬೇಡಮ್ಮ, ಎಲ್ಲ ಸಿಗುತ್ತೆ" ಅಂತಾನೆ. ಹಾಸ್ಟೆಲ್‌ನಲ್ಲಿದ್ದಾಗಲೂ ಹಾಗೇ ಹೇಳುತ್ತಿದ್ದ, ಹೋಗಿ ನೋಡಿದರೆ ಬ್ರೆಡ್ ತಿಂದುಕೊಂಡು ಬದುಕಿದ್ದ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ತುಪ್ಪ, ಗಸಗಸೆ, ಅಕ್ಕಿಹಿಟ್ಟು, ಕರಿಬೇವು, ಕೊಬ್ಬರಿ, ಬಾಣಂತಿ ಖಾರದ ಪುಡಿ, ಸಾಂಬ್ರಾಣಿ ಅಂತ ಪಟ್ಟಿ ಮಾಡಿದ್ದೇನೆ. ಎರಡು ಸೂಟ್‌ಕೇಸ್ ಆಗಲೇ ತುಂಬಿದೆ. ಬೀಗಿತ್ತಿ ಅಲ್ಲೇ ಹತ್ತಿರದಲ್ಲಿದ್ದಾರೆ. ಅವರಿಗೆ ಇಂಗ್ಲಿಷ್ ಬರಲ್ಲ, ನನ್ನದೂ ಅಷ್ಟಕ್ಕಷ್ಟೇ. ಅವರನ್ನು ಹೇಗೆ ಮಾತಾಡಿಸಬೇಕು? ಯಜಮಾನರಿಗೆ ಮಾತ್ರ ಕಾಫಿಯದೇ ಚಿಂತೆ.

ಮೂಡಿಗೆರೆ ಹುಡುಗಿ, ಈಗ ಕ್ರಾಕೋವ್

ಸರೋಜಕ್ಕ, ಮೊದಲು ಆ ಸೂಟ್‌ಕೇಸ್ ಬಿಚ್ಚಿ.

ತುಪ್ಪ ತೆಗೆದಿಡಿ. ನಮ್ಮ ಕಡೆಯಿಂದ ಬರುವವರು ಯುರೋಪ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪ, ಪೇಡ, ಖೋವಾ ಕಂಡರೆ ಏರ್‌ಪೋರ್ಟಿನಲ್ಲೇ ಕಿತ್ತು ಬಿಸಾಡುತ್ತಾರೆ. ಇಲ್ಲಿ 'ಮಾಸ್ವೊ ಕ್ಲಾರೊವಾನೆ' ಅಂತ ಡಬ್ಬಿ ಸಿಗುತ್ತೆ, ಅದು ತುಪ್ಪವೇ. ನನಗೆ ಅದರ ಘಮ ಸಾಲದು. 82 ಪರ್ಸೆಂಟ್ ಅಂತ ಬರೆದಿರುವ ಬೆಣ್ಣೆ ತಂದು ನಾನೇ ಕಾಯಿಸುತ್ತೇನೆ. ಕೊನೆಗೆ ಹಾಕಲು ವೀಳ್ಯದೆಲೆ ಇಲ್ಲ ಅನ್ನುವುದೊಂದೇ ಕೊರತೆ.

ಕರಿಬೇವೂ ಬೇಡ. ಹಸಿ ಸೊಪ್ಪು, ತರಕಾರಿ, ಹಣ್ಣು ತರಬೇಕಾದರೆ ಸಸ್ಯ ರೋಗ ಇಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. 2019ರ ಡಿಸೆಂಬರ್‌ನಿಂದ ಈ ನಿಯಮ. ವಿನಾಯಿತಿ ಇರುವುದು ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್‌ಗೆ ಮಾತ್ರ. ಕೊಬ್ಬರಿ ಧಾರಾಳವಾಗಿ ತನ್ನಿ, ಅಂಟು ತನ್ನಿ, ಉಂಡೆ ಇಲ್ಲೇ ಕಟ್ಟೋಣ. ಕರಿಬೇವಿನ ಆಸೆಗೆ ಚಟ್ನಿಪುಡಿ ಇದೆಯಲ್ಲ.

ಗಸಗಸೆ ಅಂತೂ ಖಂಡಿತ ಬೇಡ. ದುಬೈ ಮೇಲೆ ಬರುವುದಾದರೆ ಅಲ್ಲಿ ಗಸಗಸೆ ನಿಷೇಧ, ಸಿಕ್ಕಿಬಿದ್ದರೆ ಜೈಲು. ತರುವ ಅಗತ್ಯವೂ ಇಲ್ಲ. ಪೋಲೆಂಡಿನವರು ಗಸಗಸೆಯನ್ನು ರುಬ್ಬಿ, ಜೇನು, ದ್ರಾಕ್ಷಿ ಸೇರಿಸಿ, ಮೈದಾ ಹಿಟ್ಟಿನೊಳಗೆ ಸುರುಳಿ ಸುತ್ತಿ ಬೇಯಿಸುವ ಜನ. ಯಾವ ಅಂಗಡಿಗೆ ಹೋದರೂ ಪ್ಯಾಕೆಟ್ ಇರುತ್ತೆ. ಹಾಸನದಲ್ಲಿ ಗಸಗಸೆಯ ರೇಟು ಕೇಳಿದರೆ ಎದೆ ಝಲ್ ಅನ್ನುತ್ತೆ, ಅಲ್ವಾ? ಇಲ್ಲಿ ಪಾಯಸಕ್ಕೆ ಕೈ ಬಿಚ್ಚಿ ಹಾಕಬಹುದು.

ಇನ್ನು ಬಾಣಂತಿಗೆ ಮುಖ್ಯವಾದ ಸಬ್ಬಸಿಗೆ ಸೊಪ್ಪು. ಅಕ್ಕ, ಈ ದೇಶದಲ್ಲಿ ಸಬ್ಬಸಿಗೆ ಹಾಕದ ಅಡುಗೆ ಹುಡುಕಬೇಕು. 'ಕೊಪೆರೆಕ್' ಅಂತ ಕೇಳಿ. ಆಲೂಗಡ್ಡೆ ಬೇಯಿಸಿದರೆ ಸಬ್ಬಸಿಗೆ, ಸೌತೆಕಾಯಿ ಉಪ್ಪಿಗೆ ಹಾಕಿದರೆ ಸಬ್ಬಸಿಗೆ, ಸಾರಿನ ಮೇಲೂ ಸಬ್ಬಸಿಗೆ. ನಮ್ಮ ಕಟ್ಟಡದ ಮೂರನೇ ಮಹಡಿಯ ಅಜ್ಜಿ ಬಿಸಿ ಆಲೂಗಡ್ಡೆಗೆ ಬೆಣ್ಣೆ, ಸಬ್ಬಸಿಗೆ ಉದುರಿಸಿ, ಪಕ್ಕದಲ್ಲಿ ಒಂದು ಲೋಟ ಹೆಪ್ಪಾದ ಹುಳಿ ಹಾಲು ಇಟ್ಟುಕೊಂಡು ಊಟ ಮುಗಿಸುತ್ತಾರೆ. ನಾನು ಅದೇ ಸೊಪ್ಪನ್ನು ಅಕ್ಕಿಹಿಟ್ಟಿಗೆ ಕಲಸಿ ರೊಟ್ಟಿ ತಟ್ಟುತ್ತೇನೆ. ಅಕ್ಕಿಹಿಟ್ಟು ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತೆ. ಆದರೆ ಅದು ಸ್ವಲ್ಪ ತರಿ. ಕುದಿಯುವ ನೀರಿನಲ್ಲಿ ಉಕ್ಕರಿಸಿಕೊಂಡರೆ ಮಾತ್ರ ರೊಟ್ಟಿ ಬಿರಿಯಲ್ಲ.

ನೀವು ಆಗಸ್ಟ್‌ನಲ್ಲೇ ಬಂದರೆ 'ಬೂಬ್' ಅಂತ ಹಸಿರು ಕಾಳು ಸಂತೆಯಲ್ಲಿ ಕೊನೆಯ ಕೊಯ್ಲಿನದು ಇರಬಹುದು. ಅಗಲ ಕಾಳು, ದಪ್ಪ ಸಿಪ್ಪೆ. ಇವರು ಉಪ್ಪು ನೀರಿನಲ್ಲಿ ಬೇಯಿಸಿ, ಬೆರಳಲ್ಲಿ ಹಿಸುಕಿ, ಕಾಳು ಬಾಯಿಗೆ ಹಾರಿಸಿಕೊಂಡು ತಿನ್ನುತ್ತಾರೆ. ನಾನು ಹಿತಕಿದ ಅವರೆಯ ಮಸಾಲೆಯಲ್ಲೇ ಸಾರು ಮಾಡಿದೆ. ಸೊಗಡಿಲ್ಲ, ಆದರೂ ಅನ್ನಕ್ಕೆ ಜೋರಾಗೇ ಇತ್ತು.

ಮಜ್ಜಿಗೆ, ಮೊಸರು, ಕೆಫಿರ್ ಅನ್ನುವ ಹುಳಿ ಹಾಲು ಬೇಕಾದಷ್ಟು. ಊರ ಮಧ್ಯದ ಸ್ತಾರಿ ಕ್ಲೆಪಾಶ್ ಸಂತೆಗೆ ಮಗನ ಜೊತೆ ಒಮ್ಮೆ ಹೋಗಿ. ಹಳ್ಳಿ ಹೆಂಗಸರು ಪೀಪಾಯಿಯಿಂದ ಹುಳಿ ಕೋಸು ತೆಗೆದುಕೊಡುತ್ತಾರೆ, ಬಿಳಿ ಗಿಣ್ಣನ್ನು (ಚೀಸ್) ಹೋಳು ಮಾಡಿ ತೂಗುತ್ತಾರೆ. ನವಿಲುಕೋಸು, ಬೀಟ್‌ರೂಟ್, ಕುಂಬಳಕಾಯಿ ಎಲ್ಲ ನಮ್ಮ ಕೈಗೆ ಪಳಗಿದ ತರಕಾರಿಗಳೇ. ತರಬೇಕಾದದ್ದು ರಾಗಿಹಿಟ್ಟು, ಸಾರಿನ ಪುಡಿ, ಹುಣಸೆ, ಕಾಫಿ ಪುಡಿ, ಫಿಲ್ಟರ್. ಅಷ್ಟೇ.

ಕಾಫಿ ವಿಷಯ ಬಂತಲ್ಲ. ಯಜಮಾನರಿಗೆ ಹೇಳಿ: ಹಳೆಯ ಕಾಲದ ಮನೆಗಳಲ್ಲಿ ಗಾಜಿನ ಲೋಟಕ್ಕೆ ಪುಡಿ ಹಾಕಿ ಬಿಸಿನೀರು ಸುರಿದು ಹಾಗೇ ಕೊಡುತ್ತಾರೆ. ಸೋಸುವುದಿಲ್ಲ. ಚರಟ ತಳಕ್ಕೆ ಇಳಿಯುವವರೆಗೆ ಕಾಯಬೇಕು, ಅವಸರ ಮಾಡಿದರೆ ಬಾಯಿ ತುಂಬ ಪುಡಿ. 1971ರಿಂದ 'ಇಂಕಾ' ಅಂತ ಒಂದು ಪುಡಿಯೂ ಇದೆ, ರೈ ಧಾನ್ಯ, ಬಾರ್ಲಿ, ಚಿಕೋರಿ ಹುರಿದು ಮಾಡಿದ್ದು, ಕಾಫಿ ಬೀಜ ಒಂದೂ ಇಲ್ಲ. ಮಕ್ಕಳಿಗೂ ಕೊಡುತ್ತಾರೆ. ತೋಟದವರ ಮನೆ ಮಗಳಾಗಿ ನಾನು ಅದನ್ನು ಕಾಫಿ ಅನ್ನಲಾರೆ.

ಬಾಣಂತನ. ಇಲ್ಲಿ ಸ್ವಲ್ಪ ಮನಸ್ಸು ಗಟ್ಟಿ ಮಾಡಿಕೊಂಡು ಬನ್ನಿ. ಹೆರಿಗೆಯಾದ ಮೇಲೆ ಸರಕಾರಿ ವಿಮೆಯಲ್ಲೇ ಸೂಲಗಿತ್ತಿ ನರ್ಸ್ ಮನೆಗೆ ಬರುತ್ತಾರೆ, ಕನಿಷ್ಠ 4 ಸಲ. ಮಗು, ತಾಯಿ ಇಬ್ಬರನ್ನೂ ನೋಡುತ್ತಾರೆ, ಅವರ ಮಾತೇ ಕೊನೆ ಮಾತು. ಸಾಂಬ್ರಾಣಿ ಹೊಗೆ ಕಂಡರೆ ಅವರಿಗಿಂತ ಮೊದಲು ಮನೆಯ ಅಲಾರಂ ಕೂಗುತ್ತೆ. ಎಣ್ಣೆ ನೀರು ಸೊಸೆ ಒಪ್ಪಿದರೆ ಮಾತ್ರ. ಇನ್ನೊಂದು, ಎಳೆ ಮಗುವನ್ನು ಚಳಿಗೆ ಹೊರಗೆ ತರುತ್ತಾರೆ. ಮೊದಮೊದಲು ಕಿಟಕಿ ತೆರೆದು ಹತ್ತಿರ ಮಲಗಿಸಿ ತಂಪು ಗಾಳಿ ಅಭ್ಯಾಸ ಮಾಡಿಸುತ್ತಾರೆ, ಆಮೇಲೆ ತಳ್ಳುಗಾಡಿಯಲ್ಲಿ ಪಾರ್ಕು. ನೀವು ನವೆಂಬರ್‌ನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ನಿಂತಿರುವಾಗ ಮೊಮ್ಮಗು ಹೊರಗೆ ಸುಖವಾಗಿ ನಿದ್ದೆ ಹೊಡೆಯುತ್ತಿರುತ್ತೆ. ಜಗಳ ಆಡಬೇಡಿ. ಆದರೆ ಮಗುವಿನ ತಲೆಗೆ ಟೋಪಿ ಇಲ್ಲದಿದ್ದರೆ ಗುರುತು ಪರಿಚಯ ಇಲ್ಲದ ಅಜ್ಜಿಯರೂ ರಸ್ತೆಯಲ್ಲಿ ನಿಲ್ಲಿಸಿ ಬೈಯುತ್ತಾರೆ, ಆ ವಿಷಯದಲ್ಲಿ ನಿಮಗೆ ಬೆಂಬಲ ಭರ್ಜರಿ.

ಆ ಗಾಡಿಗೆ ಕೆಂಪು ರಿಬ್ಬನ್ ಕಟ್ಟಿರುತ್ತಾರೆ. ದೃಷ್ಟಿಗೆ! ಬೀಗಿತ್ತಿ ಕಟ್ಟುವಾಗ ನೀವೂ ಒಂದು ಕಪ್ಪು ಬೊಟ್ಟು ಇಟ್ಟುಬಿಡಿ, ಯಾರೂ ಏನೂ ಅನ್ನಲ್ಲ. ಟೀಗೆ ಇವರು ನಿಂಬೆ ಹಿಂಡುತ್ತಾರೆ, ಹಾಲು ಹಾಕುವುದು ಅಪರೂಪ. ಹಾಲು ಹಾಕಿದ ಟೀ ಅಂದರೆ ಹಳಬರ ಲೆಕ್ಕದಲ್ಲಿ ಹಾಲೂಡಿಸುವ ತಾಯಿಗೆ ಕೊಡುವಂಥದ್ದು. ನಾವೆಲ್ಲ ಆಫೀಸಿನಲ್ಲಿ ಹಾಲು ಸುರಿದುಕೊಂಡು ಕುಡಿಯುವುದನ್ನು ನೋಡಿ ಒಳಗೊಳಗೇ ನಗುತ್ತಾರೆ.

ಮಾತು. ಬೀಗಿತ್ತಿಗೆ ಬರೀ ಹೆಸರು ಹಿಡಿದು ಕರೆಯಬೇಡಿ. ಹೆಸರಿಗೆ ಮೊದಲು 'ಪಾನಿ' ಸೇರಿಸಿ, ಗಂಡಸರಿಗೆ 'ಪಾನ್'. 'ನೀವು' ಅನ್ನುವ ಬದಲು "ಪಾನಿ ಕಾಫಿ ತಗೋತಾರಾ?" ಅಂತ ಎದುರಿಗಿರುವವರನ್ನೇ ಕೇಳುವ ರೀತಿ ಅದು. ಹೆಸರು ಹಿಡಿದು ಮಾತಾಡೋಣ ಅಂತ ಹೇಳುವ ಹಕ್ಕು ಹಿರಿಯರದ್ದು. ಅವರೇ ಹೇಳುವವರೆಗೆ ಕಾಯಿರಿ. ಲಿಫ್ಟ್‌ಗೆ ಕಾಲಿಟ್ಟರೆ, ಡಾಕ್ಟರ್ ಬಾಗಿಲಲ್ಲಿ ಕಾಯುವವರ ನಡುವೆ ಕೂತರೆ, 'ಜೆನ್ ದೊಬ್ರಿ', ಅಂದರೆ ನಮಸ್ಕಾರ, ಅನ್ನಲೇಬೇಕು. ನಗು ಬರಲ್ಲ, ಉತ್ತರ ಬರುತ್ತೆ. ಸಾಕು. ಏಳು ವಿಭಕ್ತಿ ಇರುವ ಭಾಷೆ, ಊರಿನ ಹೆಸರು, ಮನುಷ್ಯರ ಹೆಸರು ಎಲ್ಲಕ್ಕೂ ಬಾಲ ಬದಲಾಗುತ್ತೆ. ಕನ್ನಡ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವರಿಗೆ ಇದೇನೂ ಹೊಸದಲ್ಲ.

ಹೊಸ್ತಿಲ ಮೇಲೆ ನಿಂತು ಕೈಕುಲುಕಬೇಡಿ, ಅವರಿಗೂ ಅದು ಅಪಶಕುನ. ಹೂ ಕೊಟ್ಟರೆ ಬೆಸ ಸಂಖ್ಯೆ, ಸರಿ ಸಂಖ್ಯೆ ಸಾವಿನ ಮನೆಗೆ. ಚಪ್ಪಲಿ ಬಾಗಿಲಲ್ಲೇ ಬಿಡಿ, ಒಳಗೆ ಹಾಕಿಕೊಳ್ಳಲು ಅವರೇ ಬೇರೆ ಚಪ್ಪಲಿ ಕೊಡುತ್ತಾರೆ.

ಆಲ್ದೂರಿನವ

ಮೇಲಿನವರು ಹೇಳಿದ್ದು ಓದಿದರೆ ಪೋಲೆಂಡ್ ನಮ್ಮ ಪಕ್ಕದ ತಾಲ್ಲೂಕು ಅನ್ನಿಸುತ್ತೆ. ನಾನು ವುಚ್ ಊರಿನಲ್ಲಿ ಓದಿ, ಕೆಲಸ ಮಾಡಿ ವಾಪಸ್ ಬಂದವನು. ಸ್ವಲ್ಪ ಇನ್ನೊಂದು ಮುಖವನ್ನೂ ಹೇಳುತ್ತೇನೆ.

ಮೊಟ್ಟೆ ತಿನ್ನದವರು ಹೊರಗೆ ತಿನ್ನುವಾಗ ಹುಷಾರು. 'ಪೆರೋಗಿ ರುಸ್ಕೆ' ಅಂದರೆ ಆಲೂಗಡ್ಡೆ, ಗಿಣ್ಣು ತುಂಬಿದ ಕಡುಬು, ಸಸ್ಯಾಹಾರ ಅಂತಲೇ ಮಾರುತ್ತಾರೆ. ಮೇಲೆ ಹುರಿದ ಈರುಳ್ಳಿ ಜೊತೆ ಹಂದಿ ಕೊಬ್ಬಿನ ಚೂರು ಬಿದ್ದಿರಬಹುದು. ಕೆಲವರು ಹಿಟ್ಟಿಗೇ ಮೊಟ್ಟೆ ಹಾಕುತ್ತಾರೆ. ಟೊಮೆಟೊ ಸೂಪಿನ ಬುಡದಲ್ಲಿ ಕೋಳಿ ರಸ. ಕೇಳದೆ ಬಾಯಿಗಿಡಬೇಡಿ.

ಭಾನುವಾರ ದೊಡ್ಡ ಅಂಗಡಿಗಳು ಮುಚ್ಚಿರುತ್ತವೆ. 2018ರಲ್ಲಿ ಶುರುವಾದ ಕಾನೂನು, ಈಗ ವರ್ಷದಲ್ಲಿ ಬೆರಳೆಣಿಕೆಯ ಭಾನುವಾರ ಮಾತ್ರ ತೆರೆಯುತ್ತವೆ. ಶನಿವಾರವೇ ಹಾಲು ಮೊಸರು ತಂದಿಟ್ಟುಕೊಳ್ಳಿ. ನವೆಂಬರ್ ಮಧ್ಯಕ್ಕೆ ಸಂಜೆ 4ಕ್ಕೆಲ್ಲ ಕತ್ತಲು. ಮನಸ್ಸು ಮಂಕಾಗುತ್ತೆ, ಸುಳ್ಳಲ್ಲ. ಒಗ್ಗರಣೆ ವಾಸನೆಗೆ ನನ್ನ ಪಕ್ಕದ ಮನೆಯವರು ಓನರ್‌ಗೆ ದೂರು ಕೊಟ್ಟಿದ್ದರು. ಟ್ರಾಮಿನಲ್ಲಿ ಕುಡಿದವನೊಬ್ಬ ನನ್ನ ಬಣ್ಣ ನೋಡಿ ಕೂಗಾಡಿದ್ದೂ ಇದೆ. ಉಳಿದವರು ಕಿಟಕಿ ಕಡೆ ಮುಖ ತಿರುಗಿಸಿದರು. ಎಲ್ಲರೂ ಹಾಗಲ್ಲ. ಆದರೆ ಗೊತ್ತಿರಲಿ.

ಮೂಡಿಗೆರೆ ಹುಡುಗಿ, ಈಗ ಕ್ರಾಕೋವ್

ನೀವು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. 'ಬೆಜ್ ಮ್ಯೆಂಸಾ, ಬೆಜ್ ಯಾಯೆಕ್', ಮಾಂಸ ಬೇಡ, ಮೊಟ್ಟೆ ಬೇಡ. ಇದನ್ನು ಚೀಟಿಯಲ್ಲಿ ಬರೆಸಿ ಪರ್ಸಿನಲ್ಲಿಡಿ ಸರೋಜಕ್ಕ.

ಆದರೂ ಹೊರಗೆ ತಿನ್ನಬೇಕು ಅನ್ನಿಸಿದರೆ 'ಬಾರ್ ಮ್ಲೆಚ್ನಿ'ಗೆ ಹೋಗಿ. ಬಾರ್ ಅಂತ ಯಜಮಾನರು ಗಾಬರಿಯಾಗಬೇಡಿ, ಖುಷಿಯೂ ಪಡಬೇಡಿ. ಹಾಲಿನ ಹೋಟೆಲ್ ಅದು. ಮೊದಲನೆಯದು 1896ರಲ್ಲಿ ವಾರ್ಸಾದಲ್ಲಿ ಶುರುವಾಯಿತು. ಹಾಲು, ಹಿಟ್ಟು, ತರಕಾರಿಯ ಊಟಕ್ಕೆ ಸರಕಾರ ಈಗಲೂ ಸಬ್ಸಿಡಿ ಕೊಡುತ್ತೆ. ಮಾಂಸದ ಅಡುಗೆಗೆ ಆ ಸಬ್ಸಿಡಿ ಇಲ್ಲ. ಅದಕ್ಕೇ ಅಲ್ಲಿ ನಮಗೆ ಆಗುವಂಥದ್ದು ಜಾಸ್ತಿ. ಟ್ರೇ ಹಿಡಿದು ಸಾಲಿನಲ್ಲಿ ನಿಲ್ಲಬೇಕು, ಬಡಿಸುವ ಹೆಂಗಸು ಗದರಿದ ಹಾಗೆ ಮಾತಾಡುತ್ತಾರೆ. ಬೀಟ್‌ರೂಟ್ ತುರಿ, ಹುರುಳಿ ಬಣ್ಣದ ಬಕ್‌ವೀಟ್ ಕಾಳಿನ ಅನ್ನ, ಮಜ್ಜಿಗೆ. ಪಕ್ಕದ ಟೇಬಲಲ್ಲಿ ಪಿಂಚಣಿದಾರರು, ಕಾಲೇಜು ಹುಡುಗರು. ಇವರು ಹೇಗೆ ಬದುಕುತ್ತಾರೆ ಅಂತ ನೋಡಬೇಕಾದರೆ ಅಲ್ಲಿ ಕೂರಬೇಕು, ಇಂಡಿಯನ್ ರೆಸ್ಟೋರೆಂಟ್‌ನಲ್ಲಲ್ಲ.

ಕತ್ತಲು ನಿಜ. ಆದರೆ ನವೆಂಬರ್ 1ರ ಸಂಜೆ ಸೊಸೆಯ ಮನೆಯವರ ಜೊತೆ ಸ್ಮಶಾನಕ್ಕೆ ಹೋಗಿ. ನಮಗೆ ಹೆದರಿಕೆ, ಸೂತಕದ ಯೋಚನೆ. ಅವರು ಹಿರಿಯರ ಸಮಾಧಿಗಳನ್ನೆಲ್ಲ ತೊಳೆದು, ಸೇವಂತಿಗೆ ಇಟ್ಟು, ಗಾಜಿನ ದೀಪ ಹಚ್ಚುತ್ತಾರೆ. ಇಡೀ ಊರು ಅಲ್ಲೇ ಇರುತ್ತೆ. ಪಿತೃಪಕ್ಷ ಮಾಡುವ ನಿಮಗೆ ವಿವರಿಸಿ ಹೇಳುವ ಅಗತ್ಯವಿಲ್ಲ.

ನಿವೃತ್ತ ಮೇಷ್ಟ್ರು, ಬೇಲೂರು

ಬೀಗರ ಹತ್ತಿರ ಮಾತು ಹುಟ್ಟದಿದ್ದರೆ ಒಂದು ಎಳೆ ಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ, ಸೋವಿಯತ್ ನೆಲದಿಂದ ಹೊರಬಂದ ಪೋಲಿಷ್ ಅನಾಥ ಮಕ್ಕಳಿಗೆ ಗುಜರಾತಿನ ನವಾನಗರದ ಮಹಾರಾಜ ಜಾಮ್‌ಸಾಹೇಬ್ ದಿಗ್ವಿಜಯಸಿಂಹಜಿ 1942ರಲ್ಲಿ ಬಾಲಾಚಡಿಯಲ್ಲಿ ಆಶ್ರಯ ಕೊಟ್ಟರು. ಕೊಲ್ಹಾಪುರದ ಹತ್ತಿರ ವಳಿವಡೆಯಲ್ಲೂ ದೊಡ್ಡ ಶಿಬಿರ ಇತ್ತು. ವಾರ್ಸಾದಲ್ಲಿ ಇವತ್ತಿಗೂ 'ಒಳ್ಳೆಯ ಮಹಾರಾಜ' ಅನ್ನುವ ಹೆಸರಿನ ಚೌಕ ಇದೆ. ಫೋನಿನಲ್ಲಿ ಫೋಟೊ ಇಟ್ಟುಕೊಂಡು ಹೋಗಿ, ತೋರಿಸಿ. ಭಾಷೆ ಬೇಕಾಗುವುದಿಲ್ಲ.

ಸರೋಜಾ, ಹಾಸನ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗಸಗಸೆ ವಿಷಯ ಕೇಳಿ ಕೈಕಾಲೇ ಆಡಲಿಲ್ಲ, ನಮ್ಮ ಟಿಕೆಟ್ ದುಬೈ ಮೇಲೇ ಇದೆ! ತೆಗೆದಿಟ್ಟೆ. ಸಾಂಬ್ರಾಣಿ ಮಾತ್ರ ಒಂದು ಚೂರು ತರುತ್ತೇನೆ ಮೂಡಿಗೆರೆಯವರೇ, ಹಚ್ಚುವುದಿಲ್ಲ, ಸುಮ್ನೆ ಇರಲಿ.

ಕೊನೆಗೊಂದು ಪ್ರಶ್ನೆ. ಹನ್ನೊಂದನೇ ದಿನ ಹೆಸರಿಡಬೇಕು ಅಂತ ನಮ್ಮವರ ಆಸೆ. ಅಲ್ಲಿ ಅದಕ್ಕೇನಾದರೂ ತೊಡಕಿದೆಯಾ?

ಮೂಡಿಗೆರೆ ಹುಡುಗಿ, ಈಗ ಕ್ರಾಕೋವ್

ತೊಡಕಿಲ್ಲ. ಜನನ ನೋಂದಣಿಗೆ 21 ದಿನ ಸಮಯ ಇದೆ, ಹನ್ನೊಂದನೇ ದಿನ ಆರಾಮವಾಗಿ ಹೆಸರಿಡಿ. ಆದರೆ ಹೆಸರು ಆರಿಸುವ ಮೊದಲು ಒಂದು ಮಾತು. ಇಲ್ಲಿ ಹುಡುಗಿಯರ ಹೆಸರು ಹೆಚ್ಚುಕಡಿಮೆ ಎಲ್ಲವೂ 'ಆ'ದಲ್ಲೇ ಮುಗಿಯುತ್ತವೆ. ಮೀರಾ, ತಾರಾ, ಅನಿತಾ ಇಟ್ಟರೆ ಯಾರಿಗೂ ನಾಲಿಗೆ ತೊಡರಲ್ಲ, ಅನಿತಾ ಅಂತೂ ಇವರಲ್ಲೂ ಇದೆ. ಗಂಡು ಮಗುವಾಗಿ ನೀವು ಕೃಷ್ಣ, ಸೂರ್ಯ ಅಂತ ಇಟ್ಟರೆ ಹೆಸರು ಮಾತ್ರ ನೋಡಿದವರು ಅವನನ್ನು ಹುಡುಗಿ ಅಂದುಕೊಳ್ಳಬಹುದು. ಅರ್ಜುನ್, ಕಿರಣ್ ತರಹದ್ದು ನೋಡಿ. ಬಂದ ಮೇಲೆ ಫೋನ್ ಮಾಡಿ, ಸ್ತಾರಿ ಕ್ಲೆಪಾಶ್‌ಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಶನಿವಾರ ಆದರೆ ಒಳ್ಳೆಯದು.