ಅಪ್‌ಡೇಟ್: ಚೆಕ್ ಹಣ ಕೈಸೇರಲು ಆಗುವ ತಡ ಮತ್ತು ಶುಲ್ಕದ ಕುರಿತು

ಸ್ವಂತ ಉದ್ಯೋಗದ ನನ್ನ ಖಾತೆಗೆ ಹಾಕಿದ ಗ್ರಾಹಕರ ಚೆಕ್ ಜಮೆಯಾದಂತೆ ಕಂಡರೂ ಹಣ ತೆಗೆಯಲು ಏಕೆ ಬರುವುದಿಲ್ಲ, ಅದರ ಮೇಲೆ ಶುಲ್ಕವೇಕೆ ಎಂದು ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಕೆಲವರು ಸೂಚಿಸಿದಂತೆ ಬ್ಯಾಂಕಿನ ಶಾಖೆಯಿಂದ ಲಿಖಿತ ವಿವರಣೆ ಪಡೆದಿದ್ದೇನೆ.

ಚೆಕ್ ಹಾಕಿದೊಡನೆ ಕಾಣುವ ಮೊತ್ತ ಲೆಕ್ಕಕ್ಕೆ ಮಾತ್ರ. ಚೆಕ್ ಬರೆದವರ ಬ್ಯಾಂಕು ಸಹಿ, ದಿನಾಂಕ ಮತ್ತು ಖಾತೆಯಲ್ಲಿರುವ ಹಣವನ್ನು ಪರಿಶೀಲಿಸಿ ಪಾವತಿಗೆ ಒಪ್ಪುವವರೆಗೆ ಅದನ್ನು ಬಳಸಲಾಗದು. ದಿನದ ಗಡುವು ಮೀರಿ ಹಾಕಿದ ಚೆಕ್ಕನ್ನು ಮುಂದಿನ ಕೆಲಸದ ದಿನಕ್ಕೆ ಸೇರಿಸುತ್ತಾರೆ, ನಡುವೆ ರಜೆ ಬಂದರೆ ಇನ್ನಷ್ಟು ತಡವಾಗುತ್ತದೆ. ಇಷ್ಟನ್ನು ಒಪ್ಪಬಹುದು.

ಶುಲ್ಕದ ವಿಷಯದಲ್ಲಿ ನನಗೆ ಸಮಾಧಾನವಿಲ್ಲ. ವೈಯಕ್ತಿಕ ಖಾತೆಗಿಲ್ಲದ ಶುಲ್ಕ ನನ್ನ ವ್ಯವಹಾರ ಖಾತೆಗಿದ್ದು, ಉಚಿತ ಮಿತಿ ದಾಟಿದ ಪ್ರತಿ ಚೆಕ್ಕಿಗೂ ಅದು ಬೀಳುತ್ತದೆ, ಚೆಕ್ ವಾಪಸಾದರೆ ಬರೆದವರಿಂದ ಮಾತ್ರವಲ್ಲ, ತಪ್ಪೇ ಇಲ್ಲದ ನಮ್ಮಿಂದಲೂ (ಇದು ಯಾವ ನ್ಯಾಯವೋ!) ವಸೂಲು ಮಾಡುತ್ತಾರೆ. ಶುಲ್ಕಪಟ್ಟಿಯಲ್ಲಿ ಎಲ್ಲಿಯೂ ನಮೂದಾಗದ ಒಂದು ಕಡಿತವನ್ನು ತೋರಿಸಿದಾಗ ಅದನ್ನಷ್ಟೇ ಮರಳಿಸಿದರು.

ದೊಡ್ಡ ಬಿಲ್ಲುಗಳಿಗೆ ಈಗ ನೇರ ವರ್ಗಾವಣೆಯನ್ನೇ ಕೇಳುತ್ತಿದ್ದೇನೆ. ಚೆಕ್ಕನ್ನೇ ಕೊಡುವ ಹಳೆಯ ಗ್ರಾಹಕರಿಗೆ, ಕ್ಲಿಯರಿಂಗ್‌ಗೆ (ಚೆಕ್ ಪರಿಶೀಲನೆಯಾಗಿ ಹಣ ಕೈಸೇರುವ ಪ್ರಕ್ರಿಯೆಗೆ) ಹಿಡಿಯುವ ಸಮಯವನ್ನು ಲೆಕ್ಕಹಾಕಿ ಪಾವತಿಯ ಕೊನೆಯ ದಿನಾಂಕವನ್ನು ಅಷ್ಟು ಮುಂಚಿತವಾಗಿ ನಮೂದಿಸುತ್ತಿದ್ದೇನೆ; ಹೆಚ್ಚಿನವರು ಒಪ್ಪಿದ್ದಾರೆ, ಒಬ್ಬರೊಂದಿಗೆ ಮಾತುಕತೆ ಇನ್ನೂ ನಡೆದಿದೆ.